ಆರಾಮವಾಗಿರುವವರಿಗೆ ಮಾತ್ರೆ ಯಾಕೆ?

ಹೃದಯದ ರಕ್ತನಾಳದ ಕಾಯಿಲೆ ಹೃದಯಾಘಾತವಾದ ದಿನ ಹುಟ್ಟುವುದಲ್ಲ. ನಾಳದ ಒಳಗೋಡೆಯಲ್ಲಿ ಕೊಬ್ಬು ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಸೇರುತ್ತಾ ಬರುತ್ತದೆ. ಆ ಕೊಬ್ಬಿನ ಗಂಟನ್ನು ಒಂದು ಪೊರೆ ಮುಚ್ಚಿಕೊಂಡಿರುತ್ತದೆ. ಪೊರೆ ಹರಿದರೆ, ಗಾಯವಾದಾಗ ಆಗುವಂತೆಯೇ ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಿಹೋಗಬಹುದು. ಹರಿಯುವ ಗಂಟು ದೊಡ್ಡದೇ ಆಗಿರಬೇಕೆಂದಿಲ್ಲ. ನಿನ್ನೆಯವರೆಗೆ ರಕ್ತದ ಓಟಕ್ಕೆ ಅಷ್ಟೇನೂ ಅಡ್ಡಿ ಮಾಡದಿದ್ದ ಸಣ್ಣ ಗಂಟೇ ಹರಿದು ಆಘಾತವಾಗುವುದು ಸಾಮಾನ್ಯ.

"ಹೋದ ವಾರ ತಾನೇ ಇಸಿಜಿ ನಾರ್ಮಲ್ ಬಂದಿತ್ತು" ಎಂಬ ದುಃಖದ ಮಾತಿಗೆ ಉತ್ತರ ಇಲ್ಲಿಯೇ ಇದೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, ಮತ್ತೆ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಜಯದೇವ ಆಸ್ಪತ್ರೆಯ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿದರು. ಆ ಭಯ ಸಹಜವಾದದ್ದೇ. ಆದರೆ ಇಸಿಜಿ ಹೇಳುವುದು ಆ ಹೊತ್ತಿಗೆ ಹೃದಯ ಹೇಗಿದೆ ಎಂದಷ್ಟೇ. ಮುಂದಿನ ಹತ್ತು ವರ್ಷದ ಅಪಾಯ ಅದರಲ್ಲಿ ಕಾಣುವುದಿಲ್ಲ. ಅಪಾಯವನ್ನು ಲೆಕ್ಕ ಹಾಕಲು ಬೇಕಾದವು ವಯಸ್ಸು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಮನೆತನದ ಚರಿತ್ರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟು ಇಂಥ ಅಳೆಯಬಹುದಾದ, ಬಹುಪಾಲು ತಿದ್ದಬಹುದಾದ ಒಂಬತ್ತು ಕಾರಣಗಳಿಂದಲೇ ಬರುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಮೊದಲ ಆಘಾತದ ಸರಾಸರಿ ವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59 ಎಂದೂ ಅದೇ ಅಧ್ಯಯನ ತೋರಿಸಿತು. ಸಣಕಲು ಮೈಯವರಿಗೆ ಹೃದಯದ ಕಾಯಿಲೆ ಬರುವುದಿಲ್ಲ ಎಂಬುದೂ ನಿಜವಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮಲ್ಲಿ ಬಹಳ. ಅದಕ್ಕೇ ಭಾರತೀಯರ ಸೊಂಟದಳತೆಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ ಇಟ್ಟಿದ್ದಾರೆ.

ಮುನ್ನೆಚ್ಚರಿಕೆಯ ಮಾತ್ರೆ ಯಾರಿಗೆ ಬೇಕು ಎಂಬುದನ್ನು ತೀರ್ಮಾನಿಸುವುದು ಈ ಒಟ್ಟು ಲೆಕ್ಕವೇ ಹೊರತು ಲ್ಯಾಬ್ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬಂದ ಒಂದು ಅಂಕಿ ಅಲ್ಲ. ಇಬ್ಬರಿಗೂ 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ 130 ಇದೆ ಎಂದುಕೊಳ್ಳೋಣ. ಒಬ್ಬರಿಗೆ 32 ವರ್ಷ, ಬೇರೆ ಯಾವ ತೊಂದರೆಯೂ ಇಲ್ಲ. ಇನ್ನೊಬ್ಬರಿಗೆ 56 ವರ್ಷ, ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ಮೊದಲನೆಯವರಿಗೆ ಸಾಮಾನ್ಯವಾಗಿ ಊಟ, ನಡಿಗೆಯ ಮಾತು ಸಾಕು. ಎರಡನೆಯವರು ಅದರ ಜೊತೆಗೆ ಮಾತ್ರೆಯನ್ನೂ ತೆಗೆದುಕೊಳ್ಳಬೇಕಾಗುತ್ತದೆ, ಬೀಡಿಯನ್ನೂ ಬಿಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪು ತಿಳಿವಳಿಕೆ ಎಂದರೆ "ಬಿಪಿ ನಾರ್ಮಲ್ ಆಯಿತು, ಇನ್ನು ಮಾತ್ರೆ ಬೇಡ" ಎಂಬುದು. ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಆರು ಮಾತ್ರೆ ತೆಗೆದು ನಾಲ್ಕು ಉಳಿದ ಸ್ಟ್ರಿಪ್ ಈ ನಂಬಿಕೆಯಿಂದಲೇ ಬಿದ್ದಿರುತ್ತದೆ. ಬಿಪಿ 128ಕ್ಕೆ ಇಳಿದದ್ದು ಮಾತ್ರೆಯಿಂದ. ಮಾತ್ರೆ ನಿಂತರೆ ಕೆಲವು ದಿನ ಅಥವಾ ವಾರಗಳಲ್ಲಿ ಅದು ಸಾಮಾನ್ಯವಾಗಿ ಮತ್ತೆ ಏರುತ್ತದೆ. ಕೆಲವು ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಮೊದಲಿಗಿಂತ ಮೇಲಕ್ಕೆ ಜಿಗಿಯುವುದೂ ಉಂಟು. ತಲೆಸುತ್ತು, ತಲೆನೋವು ಇಲ್ಲ ಎನ್ನುವುದು ಬಿಪಿ ಇಲ್ಲ ಎನ್ನಲು ಪುರಾವೆಯಲ್ಲ; ಏರಿದ ಬಿಪಿ ಹೆಚ್ಚಿನವರಿಗೆ ಏನೂ ಗೊತ್ತುಮಾಡುವುದಿಲ್ಲ. ಮೇಲಿನ ಅಂಕಿ 10ರಷ್ಟು ಇಳಿದರೆ ಹೃದಯಾಘಾತ, ಲಕ್ವದಂಥ ದೊಡ್ಡ ಆಪತ್ತುಗಳು ಐದನೇ ಒಂದು ಭಾಗ ಕಡಿಮೆಯಾಗುತ್ತವೆ. "ಬಿಪಿ ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತದೆ" ಎಂಬ ಹೆದರಿಕೆಯಂತೂ ತಲೆಕೆಳಗಾದ ಮಾತು. ಕಿಡ್ನಿಯನ್ನು ಸವೆಸುವುದು ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ. ಶುಗರ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಕೆಲವು ಬಿಪಿ ಮಾತ್ರೆಗಳನ್ನು ಕೊಡುವುದೇ ಕಿಡ್ನಿಯನ್ನು ಉಳಿಸಲು. ಶುರುವಿನಲ್ಲಿ ಆಗಾಗ ರಕ್ತಪರೀಕ್ಷೆ ಮಾಡಿಸಿಕೊಂಡರೆ ಆಯಿತು.

ಅಳೆಯುವುದರಲ್ಲೂ ಎಡವಟ್ಟಾಗುತ್ತದೆ. ಮೆಟ್ಟಿಲು ಹತ್ತಿ ಬಂದ ಕೂಡಲೇ, ಕಾಫಿ ಕುಡಿದ ಬಾಯಿ ಒರೆಸಿಕೊಳ್ಳುತ್ತಾ, ಮಾತಾಡುತ್ತಾ ನೋಡಿದ ಬಿಪಿಯನ್ನು ನಂಬುವಂತಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ ಎರಡು ಸಲ ನೋಡಬೇಕು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮೇಲಿನಷ್ಟು ಅನುಮಾನ ಬೇರೆ ಯಾವುದರ ಮೇಲೂ ಇರಲಿಕ್ಕಿಲ್ಲ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಈ ಜಾತಿಯ ಮೊದಲ ರಾಸಾಯನಿಕವನ್ನು ತೆಗೆದರು. ಈ ಮಾತ್ರೆಯಿಂದ ಎಲ್‌ಡಿಎಲ್ ಸುಮಾರು 39 ಅಂಕಿ ಇಳಿದರೆ ಹೃದಯಾಘಾತ, ಲಕ್ವದ ಅಪಾಯ ಐದನೇ ಒಂದರಷ್ಟು ತಗ್ಗುತ್ತದೆ. ಕೊಬ್ಬಿನ ಗಂಟಿನ ಮೇಲಿನ ಪೊರೆಯೂ ಗಟ್ಟಿಯಾಗುತ್ತದೆ. "ಮೈಕೈ ನೋವು ಬರುತ್ತದೆ" ಎಂಬ ದೂರನ್ನು ಬ್ರಿಟನ್ನಿನ 'ಸ್ಯಾಮ್ಸನ್' ಅಧ್ಯಯನ ಸೊಗಸಾಗಿ ಪರೀಕ್ಷಿಸಿತು. ನೋವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ತಿಂಗಳಿಗೊಂದರಂತೆ ಹನ್ನೆರಡು ಬಾಟಲಿ ಕೊಟ್ಟರು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ, ನಾಲ್ಕು ಖಾಲಿ. ಯಾವ ಮಾತ್ರೆ ಯಾವುದೆಂದು ತಿನ್ನುವವರಿಗೆ ಗೊತ್ತಿರಲಿಲ್ಲ. ದಿನಾ ನೋವಿಗೆ ಅಂಕ ಹಾಕಿಸಿದಾಗ ಖಾಲಿ ಬಾಟಲಿಯ ತಿಂಗಳಲ್ಲಿ ಸರಾಸರಿ 8, ಔಷಧವಿಲ್ಲದ ಮಾತ್ರೆಯಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3 ಬಂತು. ಅವರ ನೋವು ಸುಳ್ಳಾಗಿರಲಿಲ್ಲ, ನಿಜವಾಗಿಯೇ ನೋಯುತ್ತಿತ್ತು. ಆದರೆ ಅದರ ಬಹುಪಾಲು ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದಿಂದ ಬಂದದ್ದು. ಫಲಿತಾಂಶ ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು. ಸ್ಟ್ಯಾಟಿನ್‌ಗೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ಶುಗರ್‌ನ ಅಂಚಿನಲ್ಲಿರುವವರಿಗೆ ಶುಗರ್ ಕಾಯಿಲೆ ತುಸು ಬೇಗ ಕಾಣಿಸಿಕೊಳ್ಳಬಹುದು. ಸ್ನಾಯುವಿಗೆ ತೀವ್ರ ಹಾನಿಯಾಗುವುದು ತೀರಾ ಅಪರೂಪ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಮಾತ್ರೆಯ ಬದಲು ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ ತಿಂದರೆ ಸಾಕೆನ್ನುವವರಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ ಮುಂತಾದವುಗಳ ಮಾತ್ರೆಗಳನ್ನು ರೊಸುವಾಸ್ಟ್ಯಾಟಿನ್‌ನ ಸಣ್ಣ ಡೋಸಿನ ಜೊತೆ ಹೋಲಿಸಿದರು. 28 ದಿನದಲ್ಲಿ ರೊಸುವಾಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಶೇ 38ರಷ್ಟು ಇಳಿಸಿತು. ಉಳಿದ ಯಾವುದೂ ಔಷಧವಿಲ್ಲದ ಮಾತ್ರೆಗಿಂತ ಮೇಲಾಗಲಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಬೀಳಲಿ, ಚಿಕಿತ್ಸೆಯೆಂದು ಅದನ್ನು ನೆಚ್ಚಿಕೊಳ್ಳಬಾರದು.

ಆಸ್ಪಿರಿನ್ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿನದು. ನಲವತ್ತು ದಾಟಿದ ಮೇಲೆ ದಿನಕ್ಕೊಂದು "ರಕ್ತ ತೆಳುವಾಗಿಸುವ ಮಾತ್ರೆ" ನುಂಗುವುದು ಒಳ್ಳೆಯದೆಂದು ತಾವೇ ಮೆಡಿಕಲ್ ಶಾಪಿನಿಂದ ತಂದು ತಿನ್ನುವವರಿದ್ದಾರೆ. ಆಸ್ಟ್ರೇಲಿಯಾ, ಅಮೆರಿಕಗಳ 19,114 ಆರೋಗ್ಯವಂತ ಹಿರಿಯರಲ್ಲಿ ನಡೆದ, 2018ರಲ್ಲಿ ಪ್ರಕಟವಾದ 'ಆಸ್ಪ್ರೀ' ಅಧ್ಯಯನದಲ್ಲಿ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಹೃದಯವನ್ನು ಹೇಳಿಕೊಳ್ಳುವಷ್ಟು ಕಾಪಾಡಲಿಲ್ಲ. ಹೊಟ್ಟೆ, ಕರುಳು, ಮಿದುಳಿನ ರಕ್ತಸ್ರಾವ ಮಾತ್ರ ಹೆಚ್ಚಿತು. ಕಾಯಿಲೆ ಕಾಣಿಸದ ಹಿರಿಯರು ತಾವಾಗಿ ಇದನ್ನು ಶುರು ಮಾಡಬಾರದು.

ಹೃದಯಾಘಾತ ಆದವರ, ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಅವರಿಗೆ ಅದೇ ಆಸ್ಪಿರಿನ್ ಜೀವ ಉಳಿಸುತ್ತದೆ, ಸ್ಟೆಂಟ್ ಹಾಕಿದ ಹೊಸದರಲ್ಲಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. "ಸ್ಟೆಂಟ್ ಹಾಕಿ ಬ್ಲಾಕ್ ತೆಗೆದಾಯಿತು, ಗುಣವಾಯಿತು" ಎಂದು ನಂಬಿದವರೇ ಆರು ತಿಂಗಳಿಗೆ ಮಾತ್ರೆ ಬಿಡುವುದು. ಸ್ಟೆಂಟ್ ಒಂದು ಜಾಗವನ್ನಷ್ಟೇ ತೆರೆಯುತ್ತದೆ, ಉಳಿದ ನಾಳಗಳಲ್ಲಿನ ಕೊಬ್ಬು ಅಲ್ಲಿಯೇ ಇರುತ್ತದೆ. 2011ರ 'ಪ್ಯೂರ್' ಅಧ್ಯಯನದ ಪ್ರಕಾರ, ಬಡ ದೇಶಗಳಲ್ಲಿ ಈ ಮೊದಲೇ ಹೃದಯಾಘಾತ ಅಥವಾ ಲಕ್ವ ಆಗಿದ್ದವರಲ್ಲಿ ಶೇ 80 ಮಂದಿ ಆಸ್ಪಿರಿನ್, ಬಿಪಿ ಮಾತ್ರೆ, ಸ್ಟ್ಯಾಟಿನ್ ಇವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಅಂಥವರು ಶೇ 11 ಮಾತ್ರ.