ಜೋಯಿಡಾದ ಗುಡ್ಡ, ಮೊಬೈಲಿಗೆ ಬರುವ ಟಿವಿ

ಸಿಮ್ ಬೇಡ, ಇಂಟರ್‌ನೆಟ್ ಬೇಡ, ರೇಡಿಯೊ ಕೇಳಿದ ಹಾಗೆ ಮೊಬೈಲಿನಲ್ಲೇ ಟಿವಿ ನೋಡಬಹುದು. ‘ಡೈರೆಕ್ಟ್ ಟು ಮೊಬೈಲ್’ ಎಂಬ ಈ ತಂತ್ರದ ಸುದ್ದಿ ಬಂದಾಗಲೆಲ್ಲ, ಖಾಸಗಿ ವಾಹಿನಿಗಳೆದುರು ಸೊರಗಿದ ದೂರದರ್ಶನದ ಚಂದನ ಇನ್ನು ಚೇತರಿಸಿಕೊಂಡೀತು ಎಂಬ ಆಸೆಯೂ ಚಿಗುರುತ್ತದೆ. ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ರೂಪಿಸಿರುವ ಈ ತಂತ್ರ ನಿಜಕ್ಕೂ ಸೊಗಸಾದದ್ದು. ಇಂಟರ್‌ನೆಟ್ಟಿನಲ್ಲಿ ಸಾವಿರ ಜನ ನೋಡಿದರೆ ಸಾವಿರ ಸಲ ಕಳಿಸಬೇಕು. ಇದು ಡಂಗುರ ಸಾರಿದಂತೆ: ಒಬ್ಬ ಕೇಳಲಿ, ಊರೇ ಕೇಳಲಿ, ಸಾರುವವನ ಶ್ರಮ ಅಷ್ಟೇ. ಆದರೆ ಡಂಗುರ ಗುಡ್ಡದಾಚೆಗೆ ಕೇಳಿಸುವುದಿಲ್ಲ.

ಇದಕ್ಕೆಂದು ಯೋಚಿಸಿರುವುದು 526ರಿಂದ 582 ಮೆಗಾಹರ್ಟ್ಸ್ ತರಂಗಗಳು. ಒಂದೊಂದರ ಉದ್ದ ಸುಮಾರು ಅರ್ಧ ಮೀಟರ್. ಇವು ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತವೆ. ನೂರು ಮೀಟರ್ ಗೋಪುರಕ್ಕೆ ಬಯಲಿನಲ್ಲಿ 40 ಕಿ.ಮೀ. ದೂರದ ನೆಲ ಕಾಣುತ್ತದೆ. ಉತ್ತರ ಕನ್ನಡದ ಹಳಿಯಾಳ, ಮುಂಡಗೋಡದ ಬಯಲುಗಳಿಗೆ ಅದು ಒಗ್ಗೀತು. ಅದೇ ಜಿಲ್ಲೆಯ ಜೋಯಿಡಾದ ಕಣಿವೆಯೊಳಗಿನ ನಾಲ್ಕು ಮನೆಗಳ ಊರಿಗೆ ಗುಡ್ಡವೇ ಅಡ್ಡ. ಮೇಲಾಗಿ ಹೆಂಚಿನ ಮೇಲೆ ನಿಲ್ಲಿಸುತ್ತಿದ್ದ ಆಂಟೆನಾದ ಬಲ ಜೇಬಿನ ಮೊಬೈಲಿಗಿಲ್ಲ. ಅದೇ ಅಂಗಳದ ದೂರದರ್ಶನದ ಡಿಶ್ ನೋಡಿ: ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಮೇಲಕ್ಕೆ, 93.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹದತ್ತ ತಿರುಗಿರುತ್ತದೆ. ಅಷ್ಟು ಎತ್ತರದ ನೋಟಕ್ಕೆ ಗುಡ್ಡ ಅಡ್ಡ ಬರುವುದು ಅಪರೂಪ. ಜೋರು ಮಳೆಯಲ್ಲಿ ಚಿತ್ರ ಒಡೆಯುತ್ತದೆ, ನಿಜ. ಮಳೆ ನಿಂತರೆ ಮತ್ತೆ ಬರುತ್ತದೆ.

ಗುಡ್ಡಕ್ಕೊಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟರಾಗದೇ ಎಂದು ಕೇಳಬಹುದು. ಆಗುತ್ತದೆ. ಎಲ್ಲವೂ ಒಂದೇ ತರಂಗಾಂತರದಲ್ಲಿ ದುಡಿದರೂ ಒಂದನ್ನೊಂದು ಕೆಡಿಸದಂತೆ ಮಾಡಬಹುದೆಂಬುದೇ ಈ ತಂತ್ರದ ಹೆಚ್ಚುಗಾರಿಕೆ. ಆದರೆ ಕಾಡಿನೊಳಗೆ ಅದಕ್ಕೆ ಕರೆಂಟು ಕೊಟ್ಟು, ಮಳೆಗಾಲವಿಡೀ ಕಾಯುವವರು ಯಾರು? ಆಂಟೆನಾದಲ್ಲಿ ನೋಡುವವರು ಕಡಿಮೆಯಾದರೆಂದೇ ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದುದ್ದಕ್ಕೂ ಬಹುಪಾಲು ಮುಚ್ಚಿತು. 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಮೊಬೈಲಿಗೆ ಡಿಜಿಟಲ್ ಪ್ರಸಾರ ಶುರುವಾಗಿತ್ತು. ಅದನ್ನು ಹಿಡಿಯುವ ಡಾಂಗಲ್ ಜನರ ಕೈ ಸೇರಲೇ ಇಲ್ಲ. ಈಗಲೂ ಮೊಬೈಲಿನೊಳಗೆ ಬೇರೆಯದೇ ಚಿಪ್ ಬೇಕು.

ಅಷ್ಟಕ್ಕೂ ಚಂದನ ಜೋಯಿಡಾಕ್ಕೆ ಆ ಡಿಶ್ ಮೂಲಕ ಈಗಲೇ ತಲುಪುತ್ತದೆ. 2004ರ ಡಿಸೆಂಬರ್‌ನಲ್ಲಿ ಶುರುವಾದ, ಈಗ ಫ್ರೀ ಡಿಶ್ ಎನಿಸಿರುವ ಸೇವೆಗೆ ತಿಂಗಳ ಬಾಡಿಗೆಯೂ ಇಲ್ಲ. ಸಿಗ್ನಲ್ ಇದ್ದೂ ಜನ ಬೇರೆ ಚಾನೆಲ್ಲಿಗೆ ಹೋದರೆಂದ ಮೇಲೆ ಕೊರತೆ ತರಂಗದ್ದಲ್ಲ, ಕಾರ್ಯಕ್ರಮದ್ದು. 2002ರಲ್ಲಿ ಆರಂಭವಾದ ಚಂದನದ ರಸಪ್ರಶ್ನೆ ಕಾರ್ಯಕ್ರಮ ‘ಥಟ್ ಅಂತ ಹೇಳಿ’ಗೆ ನೋಡುಗರನ್ನು ತಂದದ್ದು ಪ್ರಶ್ನೆ ಮತ್ತು ಬಹುಮಾನದ ಪುಸ್ತಕ, ಹೊಸ ಟ್ರಾನ್ಸ್‌ಮಿಟರ್ ಅಲ್ಲ. ಹಾಗೆಂದು ಮೊಬೈಲ್ ಟಿವಿಯ ತಂತ್ರ ವ್ಯರ್ಥವಲ್ಲ, ಅದಕ್ಕೆ ದಾಂಡೇಲಿಯಲ್ಲಿ ಬೇರೊಂದು ಕೆಲಸವಿದೆ: ಸೂಪಾ ಅಣೆಕಟ್ಟಿನಿಂದ ಕಾಳಿ ನದಿಗೆ ನೀರು ಬಿಡುವಾಗ, ನೆಟ್‌ವರ್ಕ್ ಸತ್ತ ಹೊತ್ತಿನಲ್ಲೂ ಹೊಳೆದಂಡೆಯವರ ಆ ಚಿಪ್ ಇರುವ ಮೊಬೈಲಿಗೆಲ್ಲ ಒಟ್ಟಿಗೇ ಎಚ್ಚರಿಕೆ ತಲುಪಿಸುವುದು.