ಕ್ಲಿಕ್ಕಿಗೆ ಖರ್ಚು, ಮಾರಾಟಕ್ಕೆ ದಲಾಲಿ: ಮೊಬೈಲ್ ಜಾಹೀರಾತಿನ ಲೆಕ್ಕ

ಬನಹಟ್ಟಿ ಮತ್ತು ರಬಕವಿ ನೇಕಾರರ ಊರುಗಳು. ಇಲ್ಲಿಯ ಮಗ್ಗದಿಂದ ಇಳಿದ ಸೀರೆ ಉಡುವವರ ಕೈ ಸೇರುವ ಮೊದಲು ಹಲವರ ಕೈ ದಾಟುತ್ತದೆ. ನೂಲು ಕೊಟ್ಟವರು, ನೇಯ್ದವರು, ಸಗಟಿನಲ್ಲಿ ಕೊಂಡವರು, ಅಂಗಡಿ ಇಟ್ಟವರು, ಹೀಗೆ ಒಂದು ಸಾಲೇ ಇದೆ. ಇಂಥ ವ್ಯಾಪಾರದಲ್ಲಿ ಸರಕನ್ನು ತಾನು ಕೊಳ್ಳದೆ, ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ ತನ್ನ ಪಾಲು ಪಡೆಯುವವನು ದಲಾಲ. ವ್ಯಾಪಾರ ಕುದುರಿದರೆ ಅವನಿಗೆ ದಲಾಲಿ, ಕುದುರದಿದ್ದರೆ ಇಲ್ಲ.

ಇದೇ ಕೆಲಸ ಇಂದು ಮೊಬೈಲ್ ಫೋನಿನ ಮೂಲಕವೂ ನಡೆಯುತ್ತಿದೆ. ಅದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. 'ಮನೆಯಲ್ಲೇ ಕುಳಿತು ಸಾವಿರಾರು ರೂಪಾಯಿ ಗಳಿಸಿರಿ' ಎಂಬ ಸಂದೇಶಗಳನ್ನು ನೀವೂ ನೋಡಿರಬಹುದು. ಇದರಲ್ಲಿ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ, ಮತ್ತು ಕಾಲೇಜು ವಿದ್ಯಾರ್ಥಿಯೊಬ್ಬ ಇದಕ್ಕೆ ಕೈಹಾಕುವ ಮೊದಲು ಯಾವ ಲೆಕ್ಕ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಅಫಿಲಿಯೇಟ್ ಎಂದರೆ ಯಾರು?

ಅಂತರಜಾಲದಲ್ಲಿ ವಸ್ತುಗಳನ್ನು ಮಾರುವ ಸಂಸ್ಥೆಯೊಂದು ನಿಮಗೆ ಒಂದು ಲಿಂಕ್ ಕೊಡುತ್ತದೆ. ಆ ಲಿಂಕಿನೊಳಗೆ ನಿಮ್ಮ ಗುರುತಿನ ಸಂಖ್ಯೆ ಅಡಗಿರುತ್ತದೆ. ಅದನ್ನು ಒತ್ತಿ ಒಳಹೋದವರು ಏನಾದರೂ ಕೊಂಡರೆ, ಬೆಲೆಯ ಇಂತಿಷ್ಟು ಭಾಗ ನಿಮಗೆ ಸಲ್ಲುತ್ತದೆ. ಅಮೆಜಾನ್ ಸಂಸ್ಥೆ 1996ರಲ್ಲಿಯೇ ಇಂಥ ಏರ್ಪಾಡನ್ನು ಆರಂಭಿಸಿ, ಅದನ್ನು ಜಗತ್ತಿನಾದ್ಯಂತ ಪರಿಚಯ ಮಾಡಿಸಿತು. ಒತ್ತಿದ ಕೂಡಲೇ ಕೊಳ್ಳಬೇಕೆಂದೇನೂ ಇಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಕೊಂಡರೂ ದಲಾಲಿ ಸಿಗುತ್ತದೆ. ಈ ಅವಧಿ ಕೆಲವರಲ್ಲಿ ಒಂದು ದಿನ, ಕೆಲವರಲ್ಲಿ ಒಂದು ತಿಂಗಳು.

ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಮೀಶೋ ಸಂಸ್ಥೆಯ ಮೊದಲ ವರ್ಷಗಳ ಪದ್ಧತಿ ಇದಕ್ಕೆ ಹತ್ತಿರದ್ದು. ಸೀರೆ, ಕುರ್ತಾಗಳ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಪರಿಚಿತರಿಗೆ ಕಳಿಸಿ, ತಮ್ಮ ಲಾಭವನ್ನು ಬೆಲೆಗೆ ಸೇರಿಸಿ ಮಾರಲು ಅದು ಗೃಹಿಣಿಯರಿಗೆ ದಾರಿ ಮಾಡಿಕೊಟ್ಟಿತು. ವ್ಯತ್ಯಾಸವಿಷ್ಟೆ: ಅಲ್ಲಿ ಲಾಭವನ್ನು ಮಾರುವವರೇ ಗೊತ್ತುಮಾಡುತ್ತಾರೆ, ಅಫಿಲಿಯೇಟ್ ಪದ್ಧತಿಯಲ್ಲಿ ದಲಾಲಿಯ ದರವನ್ನು ಸಂಸ್ಥೆಯೇ ಗೊತ್ತುಮಾಡುತ್ತದೆ.

ನೆಂಟರಿಗೆ, ಗೆಳೆಯರಿಗೆ ಲಿಂಕ್ ಕಳಿಸುವವರೆಗೆ ಖರ್ಚಿನ ಪ್ರಶ್ನೆ ಇಲ್ಲ. ಆದರೆ ಪರಿಚಿತರ ಪಟ್ಟಿ ಬೇಗ ಮುಗಿಯುತ್ತದೆ. ಅಪರಿಚಿತರನ್ನು ತಲುಪಬೇಕಾದರೆ ಜಾಹೀರಾತು ಕೊಡಬೇಕು. ಇಲ್ಲಿಗೆ ಮೊಬೈಲ್ ಜಾಹೀರಾತು ಜಾಲದ ಪ್ರವೇಶವಾಗುತ್ತದೆ.

ಜಾಹೀರಾತು ಜಾಲದ ಕೆಲಸ

ಆಟದ ಆ್ಯಪ್ ಒಂದನ್ನು ತೆರೆದಾಗ ಪರದೆಯ ಅಂಚಿನಲ್ಲಿ ಜಾಹೀರಾತಿಗೆ ಜಾಗ ಇರುತ್ತದೆ. ಆ ಜಾಗ ಆ್ಯಪ್ ತಯಾರಿಸಿದವರದು. ಜಾಹೀರಾತು ಕೊಡಬೇಕೆಂದವರು ಸಾವಿರಾರು ಆ್ಯಪ್‌ಗಳವರ ಬಳಿ ಒಬ್ಬೊಬ್ಬರಾಗಿ ಹೋಗಲಾರರು. ಇವರಿಬ್ಬರ ನಡುವೆ ನಿಂತು ಜಾಗವನ್ನು ಕೂಡಿಸಿ ಮಾರುವ ಸಂಸ್ಥೆಯೇ ಜಾಹೀರಾತು ಜಾಲ. ನೀವು ಆ್ಯಪ್ ತೆರೆದ ಕ್ಷಣದಲ್ಲಿ ಆ ಒಂದು ಜಾಗಕ್ಕಾಗಿ ಕಂಪ್ಯೂಟರುಗಳ ನಡುವೆ ಹರಾಜು ನಡೆಯುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಅದು ಮುಗಿದು, ಗೆದ್ದವರ ಜಾಹೀರಾತು ನಿಮ್ಮ ಪರದೆಗೆ ಬರುತ್ತದೆ.

ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಇನ್‌ಮೋಬಿ ನಮ್ಮ ಬೆಂಗಳೂರಿನ ಸಂಸ್ಥೆ. ನವೀನ್ ತಿವಾರಿ ಮತ್ತು ಅವರ ಸಂಗಡಿಗರು 2007ರಲ್ಲಿ ಮುಂಬಯಿಯಲ್ಲಿ ಎಂಖೋಜ್ ಎಂಬ ಹೆಸರಿನಿಂದ ಇದನ್ನು ಆರಂಭಿಸಿದರು. ಎಸ್ಸೆಮ್ಮೆಸ್ ಕಳಿಸಿದರೆ ಬೇಕಾದ ಮಾಹಿತಿಯನ್ನು ಹುಡುಕಿಕೊಡುವುದು ಅದರ ಮೊದಲ ಕೆಲಸವಾಗಿತ್ತು. ಅದು ಕೈಗೂಡದಿದ್ದಾಗ ಮೊಬೈಲ್ ಜಾಹೀರಾತಿನ ಕಡೆಗೆ ತಿರುಗಿದರು. 2011ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಇದರಲ್ಲಿ 20 ಕೋಟಿ ಡಾಲರ್ ತೊಡಗಿಸಲು ಮುಂದಾಯಿತು. ಇದೇ ಕೆಲಸದ ಅಮೆರಿಕದ ಆಡ್‌ಮಾಬ್ ಸಂಸ್ಥೆಯನ್ನು ಕೊಳ್ಳುವುದಾಗಿ ಗೂಗಲ್ 2009ರಲ್ಲಿ ಪ್ರಕಟಿಸಿತ್ತು.

ಹಣ ಕೊಡುವುದು ಯಾವುದಕ್ಕೆ?

ಜಾಹೀರಾತು ಜಾಲದಲ್ಲಿ ದರ ಕಟ್ಟುವ ನಾಲ್ಕು ಮುಖ್ಯ ವಿಧಾನಗಳಿವೆ. ಜಾಹೀರಾತು ಸಾವಿರ ಸಲ ಕಾಣಿಸಿಕೊಂಡದ್ದಕ್ಕೆ ಇಂತಿಷ್ಟು ಎಂಬುದು ಮೊದಲನೆಯದು. ಯಾರಾದರೂ ಅದನ್ನು ಒತ್ತಿದರೆ, ಅಂದರೆ ಕ್ಲಿಕ್ಕಿಗೆ ಇಂತಿಷ್ಟು ಎಂಬುದು ಎರಡನೆಯದು. ಆ್ಯಪ್ ಒಂದನ್ನು ಫೋನಿಗೆ ಇಳಿಸಿಕೊಂಡರೆ ಇಂತಿಷ್ಟು ಎಂಬುದು ಮೂರನೆಯದು. ವಸ್ತು ಮಾರಾಟವಾದರೆ ಮಾತ್ರ ಇಂತಿಷ್ಟು ಎಂಬುದು ನಾಲ್ಕನೆಯದು.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ಹಣ ಕೊಟ್ಟು ಜಾಹೀರಾತು ಹಾಕುವ ಅಫಿಲಿಯೇಟ್ ಸಾಮಾನ್ಯವಾಗಿ ಕ್ಲಿಕ್ಕಿಗೆ ಹಣ ತೆರುತ್ತಾನೆ, ಆದರೆ ಅವನಿಗೆ ಹಣ ಬರುವುದು ಮಾರಾಟವಾದಾಗ. ಕ್ಲಿಕ್ಕಿಗೂ ಮಾರಾಟಕ್ಕೂ ನಡುವೆ ಇರುವ ನಷ್ಟದ ಭಯವೆಲ್ಲ ಅವನದೇ. ಮಾರುವ ಸಂಸ್ಥೆಗೆ ಮಾರಾಟವಾಗದೆ ಖರ್ಚಿಲ್ಲ. ಜಾಹೀರಾತು ಜಾಲಕ್ಕೆ ಮಾರಾಟವಾಗದಿದ್ದರೂ ಆದಾಯ ತಪ್ಪುವುದಿಲ್ಲ. ಹಳೆಯ ದಲಾಲನಿಗೂ ಈ ಹೊಸ ದಲಾಲನಿಗೂ ಇರುವ ಅಂತರ ಇದೇ. ಅವನು ತೊಡಗಿಸುತ್ತಿದ್ದುದು ಹೆಚ್ಚಾಗಿ ತನ್ನ ಓಡಾಟ ಮತ್ತು ಮಾತು. ಇವನು ಮೊದಲೇ ನಗದು ಹಾಕಬೇಕು.

ಸೀರೆಯ ಲೆಕ್ಕ

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಸೀರೆಯ ಬೆಲೆ 800 ರೂಪಾಯಿ, ದಲಾಲಿ ನೂರಕ್ಕೆ 10, ಅಂದರೆ 80 ರೂಪಾಯಿ. ಒಂದು ಕ್ಲಿಕ್ಕಿನ ದರ 2 ರೂಪಾಯಿ. 1,000 ಕ್ಲಿಕ್ಕಿಗೆ 2,000 ರೂಪಾಯಿ ಖರ್ಚಾಯಿತು. ಒತ್ತಿದ ನೂರು ಜನರಲ್ಲಿ ಒಬ್ಬರು ಕೊಂಡರೆಂದರೆ 10 ಸೀರೆ ಮಾರಾಟವಾಗಿ 800 ರೂಪಾಯಿ ಬಂತು. ನಷ್ಟ 1,200 ರೂಪಾಯಿ.

ಹಾಗಾದರೆ ಎಷ್ಟು ಜನ ಕೊಂಡರೆ ಖರ್ಚು-ಆದಾಯ ಸಮವಾಗುತ್ತದೆ? ಸೂತ್ರ ಸುಲಭ: ದಲಾಲಿಯನ್ನು ಕ್ಲಿಕ್ಕಿನ ದರದಿಂದ ಭಾಗಿಸಿ. 80ನ್ನು 2ರಿಂದ ಭಾಗಿಸಿದರೆ 40. ಎಂದರೆ 40 ಕ್ಲಿಕ್ಕಿಗೆ ಒಂದು ಮಾರಾಟ, ಸಾವಿರಕ್ಕೆ 25 ಸೀರೆ ಆಗಲೇಬೇಕು. ಅದಕ್ಕಿಂತ ಹೆಚ್ಚಾದದ್ದು ಮಾತ್ರ ಲಾಭ.

ಇಷ್ಟಕ್ಕೇ ಮುಗಿಯಲಿಲ್ಲ. ಬಣ್ಣ ಒಪ್ಪಲಿಲ್ಲ, ಚಿತ್ರದಲ್ಲಿ ಕಂಡಂತೆ ಇಲ್ಲ ಎಂದು ಸೀರೆ ಹಿಂದಿರುಗಿದರೆ ದಲಾಲಿಯೂ ಹಿಂದಿರುಗುತ್ತದೆ. 25ರಲ್ಲಿ 5 ವಾಪಸಾದರೆ ಉಳಿಯುವುದು 20, ಆದಾಯ 1,600, ನಷ್ಟ 400 ರೂಪಾಯಿ. ಐದರಲ್ಲಿ ಒಂದು ವಾಪಸಾಗುವುದಿದ್ದರೆ, 1,000 ಕ್ಲಿಕ್ಕಿಗೆ 32 ಸೀರೆಯಾದರೂ ಮಾರಾಟವಾಗಬೇಕು. ಅಲ್ಲದೆ ಖರ್ಚು ಇಂದಿನದು, ವಾಪಸಾತಿಯ ಗಡುವು ಮುಗಿದ ಮೇಲೆಯೇ ದಲಾಲಿ ಕೈಗೆ ಬರುವುದು. ಸಾಲ ಮಾಡಿ ಜಾಹೀರಾತು ಹಾಕಿದವನು ಈ ಅಂತರದಲ್ಲಿಯೇ ಸಿಕ್ಕಿಬೀಳುತ್ತಾನೆ.

ಎಷ್ಟು ಪರೀಕ್ಷೆ ಸಾಕು?

ಯಾವ ಜಾಹೀರಾತು ಫಲ ಕೊಡುವುದೆಂದು ಮೊದಲೇ ಹೇಳಲಾಗದು. ಸಣ್ಣ ಮೊತ್ತದಿಂದ ಪರೀಕ್ಷಿಸಬೇಕು. ಆದರೆ ಎಷ್ಟು ಸಣ್ಣದು? ಸಂಭವನೀಯತೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ.

40 ಕ್ಲಿಕ್ಕಿಗೆ ಒಂದು ಮಾರಾಟ ಕೊಡಬಲ್ಲ ಜಾಹೀರಾತು ನಿಮ್ಮಲ್ಲಿದೆ ಎನ್ನೋಣ. ಪ್ರತಿ ಕ್ಲಿಕ್ಕಿನಲ್ಲಿ ಮಾರಾಟವಾಗದಿರುವ ಸಂಭವ 39/40. ಮೊದಲ 20 ಕ್ಲಿಕ್ಕುಗಳಲ್ಲಿ ಒಂದೂ ಮಾರಾಟವಾಗದಿರುವ ಸಂಭವ ತಿಳಿಯಲು ಈ ಭಿನ್ನರಾಶಿಯನ್ನು 20 ಸಲ ಗುಣಿಸಿ. ಉತ್ತರ ಸುಮಾರು ನೂರಕ್ಕೆ 60. ಆದ್ದರಿಂದ 20 ಕ್ಲಿಕ್ಕಿಗೇ ನಿರಾಶರಾಗಿ ಕೈಬಿಡುವುದು ಸರಿಯಲ್ಲ. 150 ಕ್ಲಿಕ್ಕುಗಳಾದರೂ ಒಂದೂ ಮಾರಾಟವಾಗಲಿಲ್ಲವೆಂದರೆ ಮಾತು ಬೇರೆ. ಅದರ ಸಂಭವ ನೂರಕ್ಕೆ ಕೇವಲ 2. ಅಲ್ಲಿಗೆ ನಿಲ್ಲಿಸಬೇಕು. 'ಇನ್ನೊಂದು ಸಾವಿರ ಹಾಕಿದರೆ ಬರಬಹುದು' ಎಂಬ ಆಸೆ ಜೂಜಿನ ಆಸೆಯೇ ಹೊರತು ವ್ಯಾಪಾರದ ಲೆಕ್ಕವಲ್ಲ. ಎಲ್ಲಿ ನಿಲ್ಲಿಸಬೇಕೆಂಬ ಮೊತ್ತವನ್ನು ಆರಂಭಿಸುವ ಮೊದಲೇ ಬರೆದಿಡಬೇಕು.

ಜೊತೆಗೆ, ಒಂದೊಂದು ಜಾಹೀರಾತಿಗೂ ಒಂದೊಂದು ಆ್ಯಪ್‌ಗೂ ಲಿಂಕಿನಲ್ಲಿ ಬೇರೆ ಬೇರೆ ಗುರುತು ಸೇರಿಸಬೇಕು. ಆಗ ಯಾವ ಆ್ಯಪ್‌ನಿಂದ ಬಂದವರು ಕೊಳ್ಳುತ್ತಾರೆ, ಯಾವುದರಿಂದ ಬರಿಯ ಕ್ಲಿಕ್ಕು ಬರುತ್ತದೆ ಎಂಬುದು ತಿಳಿಯುತ್ತದೆ. ಮಕ್ಕಳ ಆಟದ ನಡುವೆ ಬೆರಳು ತಪ್ಪಿ ಒತ್ತಿದ ಕ್ಲಿಕ್ಕಿಗೂ ನೀವು ಹಣ ತೆತ್ತಿರುತ್ತೀರಿ. ಅಂಥ ಆ್ಯಪ್‌ಗಳನ್ನು ಪಟ್ಟಿಯಿಂದ ತೆಗೆದುಹಾಕುವುದು ಈ ಕಸುಬಿನ ನಿತ್ಯದ ಕೆಲಸ.

ಎಣಿಕೆಯಲ್ಲಿ ನಡೆಯುವ ಮೋಸ

ಗಿರಾಕಿಯನ್ನು ಕರೆತಂದವರು ಯಾರು ಎಂಬ ಎಣಿಕೆಯ ಮೇಲೆಯೇ ಇಡೀ ವ್ಯವಹಾರ ನಿಂತಿದೆ. ಎಣಿಕೆ ಇದ್ದಲ್ಲಿ ಮೋಸವೂ ಇದೆ. ಮನುಷ್ಯರ ಬದಲು ಯಂತ್ರಗಳೇ ಕ್ಲಿಕ್ ಮಾಡುವಂತೆ ಏರ್ಪಡಿಸುವುದು ಒಂದು ಬಗೆ. ಇನ್ನೊಂದು, ಯಾರನ್ನೂ ಕರೆತರದೆ ಎಲ್ಲರ ಯಂತ್ರದಲ್ಲಿಯೂ ಗುಟ್ಟಾಗಿ ತನ್ನ ಗುರುತನ್ನು ಇರಿಸಿ, ಅವರಾಗಿಯೇ ಹೋಗಿ ಕೊಂಡಾಗ ದಲಾಲಿ ಎಣಿಸಿಕೊಳ್ಳುವುದು. ಇಬೇ ಸಂಸ್ಥೆ 2008ರಲ್ಲಿ ಇಂಥ ಆರೋಪದ ಮೇಲೆ ತನ್ನ ದೊಡ್ಡ ಅಫಿಲಿಯೇಟರ ವಿರುದ್ಧ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಮುಂದೆ ಕ್ರಿಮಿನಲ್ ಮೊಕದ್ದಮೆ ನಡೆದು, 2014ರಲ್ಲಿ ಅವರಲ್ಲೊಬ್ಬನಿಗೆ ಐದು ತಿಂಗಳ ಸೆರೆವಾಸವಾಯಿತು.

ನೋಡುವವರ ಗುಟ್ಟಿನ ಪ್ರಶ್ನೆಯೂ ಇದೆ. ಅನುಮತಿ ಇಲ್ಲದೆ ಕೋಟ್ಯಂತರ ಜನರು, ಮಕ್ಕಳೂ ಸೇರಿ, ಎಲ್ಲಿದ್ದಾರೆಂಬುದನ್ನು ಗುರುತಿಸುತ್ತಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ ಇನ್‌ಮೋಬಿಯ ಮೇಲೆ ಆರೋಪ ಹೊರಿಸಿತು. 2016ರಲ್ಲಿ 9,50,000 ಡಾಲರ್ ದಂಡ ತೆತ್ತು ಸಂಸ್ಥೆ ಅದನ್ನು ಇತ್ಯರ್ಥಪಡಿಸಿಕೊಂಡಿತು. 2021ರಿಂದ ಆ್ಯಪಲ್ ಫೋನುಗಳಲ್ಲಿ, ಬೇರೆಡೆ ತನ್ನನ್ನು ಹಿಂಬಾಲಿಸುವ ಮೊದಲು ಆ್ಯಪ್ ಬಳಕೆದಾರನ ಒಪ್ಪಿಗೆ ಕೇಳಬೇಕಾಯಿತು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದೆಂದು ಹೇಳುತ್ತದೆ.

ಆಡಿದ ಮಾತಿಗೆ ಹೊಣೆ

ಬನಹಟ್ಟಿಯ ವಿದ್ಯಾರ್ಥಿಗೆ ಒಂದು ಅನುಕೂಲವಿದೆ: ಸೀರೆಯ ಬಗ್ಗೆ ಅವನಿಗೆ, ಅವಳಿಗೆ ಮನೆಯಲ್ಲಿಯೇ ತಿಳಿವಳಿಕೆ ಇದೆ. ನೂಲು ಯಾವುದು, ಬಣ್ಣ ಬಿಡುತ್ತದೆಯೇ, ಉದ್ದವೆಷ್ಟು, ಒಗೆಯುವುದು ಹೇಗೆ ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ ತಿಳಿಸುವ ಒಂದು ಪುಟವನ್ನು ಜಾಹೀರಾತಿಗೂ ಅಂಗಡಿಗೂ ನಡುವೆ ಇರಿಸಿದರೆ, ಕೊಳ್ಳುವವರು ತಿಳಿದು ಕೊಳ್ಳುತ್ತಾರೆ, ವಾಪಸಾತಿಯೂ ಕಡಿಮೆಯಾಗುತ್ತದೆ.

ಅದೇ ತಿಳಿವಳಿಕೆಯಿಂದ ಮೋಸವನ್ನೂ ಮಾಡಬಹುದು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು, ಬೇರೆ ಊರಿನದನ್ನು ಇಳಕಲ್ ಸೀರೆಯೆಂದು ಹೇಳಿದರೆ ಒಂದೆರಡು ಹೆಚ್ಚು ಮಾರಾಟವಾದೀತು. ಆದರೆ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಸಲಿ ಕೈಮಗ್ಗದ ಬಟ್ಟೆಯನ್ನು ಗುರುತಿಸಲೆಂದು 2006ರಲ್ಲಿ ಕೈಮಗ್ಗ ಗುರುತನ್ನು ಜಾರಿಗೆ ತರಲಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗಷ್ಟೇ ಅಲ್ಲ, ವಸ್ತುವನ್ನು ಮೆಚ್ಚಿ ಹೇಳಿದವರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಸಾಮಾಜಿಕ ಜಾಲತಾಣಗಳಲ್ಲಿ ವಸ್ತುವನ್ನು ಶಿಫಾರಸು ಮಾಡುವವರು ತಮಗೆ ಹಣ ಬರುತ್ತದೆಂಬುದನ್ನು ಎದ್ದು ಕಾಣುವಂತೆ, ಶಿಫಾರಸು ಮಾಡಿದ ಭಾಷೆಯಲ್ಲಿಯೇ ತಿಳಿಸಬೇಕೆಂದು ಕೇಂದ್ರ ಸರಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. 'ಈ ಲಿಂಕಿನಿಂದ ಕೊಂಡರೆ ನನಗೆ ದಲಾಲಿ ಸಿಗುತ್ತದೆ' ಎಂಬ ಒಂದು ಸಾಲು ಸಾಕು.

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಆದ್ದರಿಂದ ಶಾಲೆ ಮತ್ತು ಪಿ.ಯು.ಸಿ. ವಿದ್ಯಾರ್ಥಿಗಳು ಲೆಕ್ಕವನ್ನು ಕಲಿಯಲಿ, ಖಾತೆ ತೆರೆಯುವುದು ಹಿರಿಯರಿಗೆ ಇರಲಿ. ಸೇರಲು ಹಣ ಕೇಳುವ, ಇನ್ನಷ್ಟು ಜನರನ್ನು ಸೇರಿಸಿದರೆ ಹಣ ಕೊಡುತ್ತೇವೆನ್ನುವ ಯೋಜನೆ ಅಫಿಲಿಯೇಟ್ ವ್ಯಾಪಾರವಲ್ಲ. ಅಂಥ ಹಣಚಲಾವಣೆಯ ಸರಪಳಿ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಸಂಸ್ಥೆಯ ಷರತ್ತುಗಳನ್ನು ಪೂರ್ತಿ ಓದಿರಿ. ಹಣ ಕೊಟ್ಟು ಜಾಹೀರಾತು ಹಾಕುವುದನ್ನು ಕೆಲವರು ಒಪ್ಪುವುದಿಲ್ಲ. ಅದನ್ನು ತಿಳಿಯದೆ ಖರ್ಚು ಮಾಡಿದರೆ ಬಂದ ದಲಾಲಿಯನ್ನೂ ತಡೆಹಿಡಿಯಬಹುದು. ಕೊನೆಯದಾಗಿ, ಖರ್ಚು, ಮಾರಾಟ, ವಾಪಸಾತಿ ಮೂರನ್ನೂ ದಿನವೂ ಬರೆದಿಡಿ. ಜಾಲದವರು ತೋರಿಸುವ ಎಣಿಕೆಯನ್ನು ನಿಮ್ಮ ಪುಸ್ತಕದ ಎಣಿಕೆಯೊಂದಿಗೆ ಹೋಲಿಸಿ ನೋಡುವ ರೂಢಿ ಇದ್ದವರೇ ಈ ವ್ಯಾಪಾರದಲ್ಲಿ ಉಳಿಯುತ್ತಾರೆ.

ತರಗತಿಯಲ್ಲಿ ಚರ್ಚಿಸಿರಿ

1. ಸೀರೆಯ ಬೆಲೆ 1,200 ರೂಪಾಯಿ, ದಲಾಲಿ ನೂರಕ್ಕೆ 5, ಕ್ಲಿಕ್ಕಿನ ದರ 3 ರೂಪಾಯಿ. ಎಷ್ಟು ಕ್ಲಿಕ್ಕಿಗೆ ಒಂದು ಮಾರಾಟವಾದರೆ ಖರ್ಚು-ಆದಾಯ ಸಮವಾಗುತ್ತದೆ?

2. ಮಾರಾಟವಾಗದಿದ್ದಾಗ ಆಗುವ ನಷ್ಟವನ್ನು ಸಂಸ್ಥೆ, ಜಾಹೀರಾತು ಜಾಲ, ಅಫಿಲಿಯೇಟ್ ಈ ಮೂವರಲ್ಲಿ ಯಾರು ಹೊರಬೇಕು? ಏಕೆ?

3. ನಿಮ್ಮೂರಿನಲ್ಲಿ ತಯಾರಾಗುವ ಒಂದು ವಸ್ತುವಿನ ಬಗ್ಗೆ, ಒಂದೂ ಸುಳ್ಳು ಮಾತಿಲ್ಲದೆ, ಐದು ಸಾಲಿನ ಜಾಹೀರಾತು ಬರೆಯಿರಿ.