ಕರಿಮಲೆಯ ನಾಡಿನಲ್ಲಿ ಕಣ್ಮರೆಯಾಗುವ ಮಳೆ

2006ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ 'ಕ್ಯಾಸಿನೋ ರಾಯಲ್' ನೋಡಿದವರಿಗೆ ಮಾಂಟೆನೆಗ್ರೊ ಎಂಬ ಹೆಸರು ನೆನಪಿರಬಹುದು. ನಾಯಕ ರೈಲಿನಲ್ಲಿ ಬಂದಿಳಿದು ಕೋಟ್ಯಂತರ ಡಾಲರಿನ ಜೂಜಾಡುವುದು ಆ ದೇಶದಲ್ಲಿ. ಆದರೆ ತೆರೆಯ ಮೇಲೆ ಕಂಡದ್ದು ಮಾಂಟೆನೆಗ್ರೊ ಅಲ್ಲವೇ ಅಲ್ಲ! ಆ ದೃಶ್ಯಗಳನ್ನು ಚಿತ್ರೀಕರಿಸಿದ್ದು ಚೆಕ್ ಗಣರಾಜ್ಯದ ಕಾರ್ಲೊವಿ ವಾರಿ ಎಂಬ ಊರಿನಲ್ಲಿ. ಅದೇ ವರ್ಷ ಮೇ 21ರಂದು ಮಾಂಟೆನೆಗ್ರೊದಲ್ಲಿ ಜನಮತಗಣನೆ ನಡೆಯಿತು. ಸರ್ಬಿಯಾದಿಂದ ಬೇರೆಯಾಗಲು ಶೇ. 55 ಮತಗಳು ಬೇಕಿದ್ದವು, ಬಂದದ್ದು ಶೇ. 55.5. ಜೂನ್ 3ರಂದು ಅದು ಸ್ವತಂತ್ರ ರಾಷ್ಟ್ರವೆಂದು ಘೋಷಿಸಿಕೊಂಡಿತು. ಹೀಗೆ ಲೋಕವು ಒಂದು ದೇಶದ ಹೆಸರನ್ನು ಮೊದಲು ಕೇಳಿ, ಮುಖವನ್ನು ಆಮೇಲೆ ನೋಡಬೇಕಾಯಿತು.

ಆ ಮುಖ ನೋಡತಕ್ಕದ್ದೇ ಆಗಿದೆ. ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ, ಇಟಲಿಯ ಎದುರು ದಡದಲ್ಲಿರುವ ಈ ದೇಶದ ವಿಸ್ತೀರ್ಣ 13,812 ಚದರ ಕಿ.ಮೀ. ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ. ಜನಸಂಖ್ಯೆ 2023ರ ಗಣತಿಯ ಪ್ರಕಾರ ಸುಮಾರು 6.2 ಲಕ್ಷ, ಹುಬ್ಬಳ್ಳಿ-ಧಾರವಾಡದಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ಪುಟ್ಟ ನೆಲದಲ್ಲಿ ಸುಮಾರು 290 ಕಿ.ಮೀ. ಕಡಲ ತೀರವಿದೆ. ಆ ತೀರದಿಂದ ನೇರ ರೇಖೆಯಲ್ಲಿ 100 ಕಿ.ಮೀ. ದೂರವೂ ಇಲ್ಲದ ಕಡೆ 2,523 ಮೀಟರ್ ಎತ್ತರದ ಬೊಬೊಟೊವ್ ಕುಕ್ ಶಿಖರವಿದೆ. ವಸಂತದಲ್ಲಿ ಬೆಳಗ್ಗೆ ಹಿಮದ ಮೇಲೆ ನಡೆದು ಸಂಜೆ ಕಡಲ ದಂಡೆಯಲ್ಲಿ ಕುಳಿತುಕೊಳ್ಳಬಹುದೆಂಬುದು ಇಲ್ಲಿ ಬರಿಯ ಜಾಹೀರಾತಿನ ಮಾತಲ್ಲ.

ಮಾಂಟೆನೆಗ್ರೊ ಎಂಬುದು ವೆನಿಸ್ಸಿನವರು ಕರೆದ ಹೆಸರು. ಸ್ಥಳೀಯರ ನುಡಿಯಲ್ಲಿ ಇದು 'ತ್ಸ್ರ್ನಾ ಗೋರಾ'. ಎರಡಕ್ಕೂ ಅರ್ಥ ಒಂದೇ: ಕರಿಯ ಬೆಟ್ಟ, ಕರಿಮಲೆ. ಕಡಲಿನಿಂದ ನೋಡಿದವರಿಗೆ ಲೋವ್ಚೆನ್ ಪರ್ವತ ದಟ್ಟ ಕಾಡಿನಿಂದ ಕಪ್ಪಾಗಿ ಕಂಡದ್ದರಿಂದ ಈ ಹೆಸರು ಬಂತೆನ್ನುತ್ತಾರೆ. ಹತ್ತಿರ ಹೋದರೆ ಮಾತ್ರ ಬಣ್ಣ ಬೇರೆ. ಕಾಡಿನ ಕೆಳಗಿರುವುದು ಬೂದು ಬಿಳುಪಿನ ಸುಣ್ಣದ ಕಲ್ಲು. ಈ ದೇಶದ ಚೆಲುವಿನ ಗುಟ್ಟೆಲ್ಲ ಅಡಗಿರುವುದು ಆ ಕಲ್ಲಿನಲ್ಲಿ, ಮತ್ತು ಅದರ ಮೇಲೆ ಬೀಳುವ ಮಳೆಯಲ್ಲಿ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣದ ಕಲ್ಲು ಅದಕ್ಕೆ ಕರಗುತ್ತದೆ. ಸಾವಿರಾರು ವರ್ಷಗಳಲ್ಲಿ ಕೂದಲೆಳೆಯ ಬಿರುಕು ಕೊಳವೆಯಾಗಿ, ಕೊಳವೆ ಗುಹೆಯಾಗಿ, ಗುಹೆಯ ಮಾಳಿಗೆ ಕುಸಿದು ನೆಲದ ಮೇಲೆ ಬಟ್ಟಲಿನಂಥ ಕುಳಿಗಳು ಉಂಟಾಗುತ್ತವೆ. ಇಂಥ ಭೂರಚನೆಯನ್ನು ಭೂವಿಜ್ಞಾನಿಗಳು 'ಕಾರ್ಸ್ಟ್' ಎಂದು ಕರೆಯುತ್ತಾರೆ. ಕಾರ್ಸ್ಟ್ ನೆಲದಲ್ಲಿ ಮಳೆ ಹಳ್ಳವಾಗಿ ಹರಿಯುವುದಿಲ್ಲ, ಕಣ್ಮರೆಯಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಓರ್ಯೆನ್ ಪರ್ವತದ ಮಡಿಲಲ್ಲಿರುವ ತ್ಸ್ರ್ಕ್ವಿತ್ಸೆ ಎಂಬ ಸಣ್ಣ ಹಳ್ಳಿ. ಕಡಲಿನ ಮೋಡಗಳು ನೇರವಾಗಿ ಬೆಟ್ಟಕ್ಕೆ ಬಡಿಯುವುದರಿಂದ ಇಲ್ಲಿ ವರ್ಷಕ್ಕೆ ಸರಾಸರಿ 4,600 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಯೂರೋಪಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಇದೊಂದು. ಆಗುಂಬೆಯನ್ನು ಕಂಡ ನಮಗೆ ಈ ಅಂಕಿ ಅಷ್ಟೇನೂ ದೊಡ್ಡದೆನಿಸದು. ವ್ಯತ್ಯಾಸವಿರುವುದು ಮಳೆ ಬಿದ್ದ ಮೇಲೆ. ಆಗುಂಬೆಯ ನೀರು ಝರಿಯಾಗಿ, ಹೊಳೆಯಾಗಿ ಕಣ್ಣೆದುರೇ ಹರಿಯುತ್ತದೆ. ತ್ಸ್ರ್ಕ್ವಿತ್ಸೆಯ ನೀರನ್ನು ಕಲ್ಲು ನುಂಗಿಬಿಡುತ್ತದೆ. ಅಲ್ಲಿ ಮಳೆಗಾಲವೂ ತಿರುಗುಮುರುಗು: ಶರತ್ಕಾಲ ಹಾಗೂ ಚಳಿಗಾಲದಲ್ಲಿ ಸುರಿದು, ಬೇಸಿಗೆಯಲ್ಲಿ ಬರಿದಾಗುತ್ತದೆ. ಅಷ್ಟು ಮಳೆಯ ನಾಡಿನಲ್ಲೂ ಹಿಂದಿನವರು ಮನೆಯ ಪಕ್ಕದಲ್ಲಿ ಕಲ್ಲಿನ ತೊಟ್ಟಿ ಕಟ್ಟಿ ಮಾಡಿನ ನೀರನ್ನು ಹಿಡಿದಿಟ್ಟುಕೊಳ್ಳಬೇಕಾಗಿತ್ತು. ಕರಾವಳಿಯ ಪಟ್ಟಣಗಳಿಗೆ ಬೇಸಿಗೆಯ ನೀರಿನ ಚಿಂತೆ ತಗ್ಗಿದ್ದು 2010ರಲ್ಲಿ ಸ್ಕಾದರ್ ಸರೋವರದ ಅಂಚಿನ ಚಿಲುಮೆಯೊಂದರಿಂದ ಕೊಳವೆ ಮಾರ್ಗ ಬಂದ ಮೇಲೆ.

ನುಂಗಿದ ನೀರು ಎಲ್ಲಿಗೆ ಹೋಗುತ್ತದೆ? ಬೆಟ್ಟದ ಬುಡಕ್ಕೆ, ಬೋಕಾ ಎಂದು ಕರೆಸಿಕೊಳ್ಳುವ ಕೋಟೊರ್ ಕೊಲ್ಲಿಗೆ. ಮಾಂಟೆನೆಗ್ರೊದ ಚಿತ್ರಗಳಲ್ಲಿ ಎಲ್ಲರೂ ಮೊದಲು ನೋಡುವುದು ಈ ಕೊಲ್ಲಿಯನ್ನೇ. ಕಡಲು ಬೆಟ್ಟಗಳ ನಡುವೆ ಸುಮಾರು 28 ಕಿ.ಮೀ. ಒಳಕ್ಕೆ ಬಂದು ನಾಲ್ಕು ಕೊಲ್ಲಿಗಳಾಗಿ ಹರಡಿಕೊಂಡಿದೆ. ನಡುವಿನ ವೆರಿಗೆ ಜಲಸಂಧಿಯ ಅತಿ ಕಿರಿದಾದ ಅಗಲ ಕೇವಲ 340 ಮೀಟರ್. ಅದನ್ನು ದಾಟಿ ಒಳಬಂದರೆ ಸುತ್ತಲೂ ಸಾವಿರ ಮೀಟರಿಗೂ ಎತ್ತರದ ಗೋಡೆಗಳು, ನಡುವೆ ಅಲೆಯಿಲ್ಲದ ನೀರು. ಇದು ಕಡಲೋ ಸರೋವರವೋ ಎಂಬ ಭ್ರಮೆ ಹುಟ್ಟುತ್ತದೆ. ಪ್ರವಾಸಿ ಕೈಪಿಡಿಗಳು ಇದನ್ನು 'ದಕ್ಷಿಣ ಯೂರೋಪಿನ ಫಿಯೋರ್ಡ್' ಎಂದು ಹೊಗಳುವುದುಂಟು. ಆದರೆ ಫಿಯೋರ್ಡ್ ಎಂದರೆ ನಾರ್ವೆಯಲ್ಲಿರುವಂತೆ ಹಿಮನದಿ ಕೊರೆದ ಕಣಿವೆ. ಬೋಕಾ ಹಾಗಲ್ಲ. ಇದು ಹಳೆಯ ನದಿಕಣಿವೆ. ಹಿಮಯುಗ ಮುಗಿದು ಕಡಲ ಮಟ್ಟ ಏರಿದಾಗ ಮುಳುಗಿದ್ದು. ಶರತ್ಕಾಲದ ದೊಡ್ಡ ಮಳೆಯ ಮಾರನೆಯ ದಿನ ಇಲ್ಲಿ ಬಂದವರಿಗೆ ರಿಸಾನ್ ಊರಿನ ಬಳಿ ಒಂದು ವಿಸ್ಮಯ ಕಾದಿರುತ್ತದೆ. ರಸ್ತೆಯ ಮೇಲ್ಭಾಗದ ಸೋಪೊಟ್ ಎಂಬ ಗುಹೆಯ ಬಾಯಿಂದ, ನಿನ್ನೆಯವರೆಗೂ ಒಣಗಿದ್ದ ಬಂಡೆಯಿಂದ, ಜಲಪಾತವೇ ಹೊರನುಗ್ಗಿ ಕಡಲಿಗೆ ಬೀಳುತ್ತಿರುತ್ತದೆ. ಕೊಲ್ಲಿಯ ತಳದಲ್ಲೂ ಇಂಥ ಸಿಹಿನೀರಿನ ಬುಗ್ಗೆಗಳಿವೆ.

ಕೊಲ್ಲಿಯ ತುತ್ತತುದಿಯಲ್ಲಿರುವ ಕೋಟೊರ್ ಪಟ್ಟಣಕ್ಕೆ ಈ ನೀರೇ ಕಂದಕ. ಒಂದು ಬದಿಗೆ ಸ್ಕುರ್ದಾ ಹೊಳೆ, ಇನ್ನೊಂದು ಬದಿಗೆ ಗುರ್ದಿಚ್ ಚಿಲುಮೆ, ಮುಂದೆ ಕಡಲು, ಬೆನ್ನಿಗೆ ಬೆಟ್ಟ. ಆ ಕಡಿದಾದ ಬೆಟ್ಟವನ್ನೇರುವ ಕೋಟೆಗೋಡೆಯ ಒಟ್ಟು ಉದ್ದ ಸುಮಾರು 4.5 ಕಿ.ಮೀ.; ತುದಿ ಮುಟ್ಟಲು ಸುಮಾರು 1,350 ಮೆಟ್ಟಿಲು. 1420ರಿಂದ 1797ರವರೆಗೆ ಇಲ್ಲಿ ವೆನಿಸ್ ಗಣರಾಜ್ಯದ ಆಳ್ವಿಕೆಯಿತ್ತು. 1979ರ ಏಪ್ರಿಲ್ 15ರ ಭೂಕಂಪದಲ್ಲಿ ಊರು ಜರ್ಜರಿತವಾಯಿತು. ಅದೇ ವರ್ಷ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೂ, ಜೊತೆಗೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ಎರಡನೆಯ ಪಟ್ಟಿಯಿಂದ ಹೊರಬರಲು 2003ರವರೆಗೆ ಕಾಯಬೇಕಾಯಿತು. ಈಗಿನ ಆತಂಕ ಬೇರೆ ಬಗೆಯದು. ಬೇಸಿಗೆಯಲ್ಲಿ ಊರಿನ ಗೋಡೆಗಿಂತ ಎತ್ತರದ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ಒಂದೊಂದರಿಂದಲೂ ಸಾವಿರಾರು ಜನರು ಓಣಿಗಳಿಗೆ ಇಳಿಯುತ್ತಾರೆ. ಇಳಿಜಾರುಗಳಲ್ಲಿ ಎದ್ದಿರುವ ಹೊಸ ಕಟ್ಟಡಗಳ ಬಗ್ಗೆ ಯುನೆಸ್ಕೊ ಪದೇಪದೇ ಕಳವಳ ವ್ಯಕ್ತಪಡಿಸಿದೆ. ಬೆಳಗಿನ ಎಂಟು ಗಂಟೆಯೊಳಗೆ ಊರು ಸುತ್ತಿದವರೇ ಜಾಣರು. ಆ ಹೊತ್ತಿನಲ್ಲಿ ಅಲ್ಲಿ ಬೆಕ್ಕುಗಳದ್ದೇ ರಾಜ್ಯ.

ಕೋಟೊರ್‌ನಿಂದ ಲೋವ್ಚೆನ್‌ಗೆ ಏರುವ ಹಳೆಯ ರಸ್ತೆಯನ್ನು ಕಟ್ಟಿಸಿದ್ದು 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯನ್ನರು. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿದ್ದರೆ ಇಲ್ಲಿ 25. 2023ರಿಂದ ರೋಪ್‌ವೇ ಕೂಡ ಇದೆ, 3.9 ಕಿ.ಮೀ. ದೂರವನ್ನು ಅದು ಹನ್ನೊಂದು ನಿಮಿಷಗಳಲ್ಲಿ ಕ್ರಮಿಸುತ್ತದೆ. ಬೆಟ್ಟದ ಮೇಲೆ, 1,657 ಮೀಟರ್ ಎತ್ತರದಲ್ಲಿ, ಈ ನಾಡಿನ ಧರ್ಮಗುರುವೂ ದೊರೆಯೂ ಕವಿಯೂ ಆಗಿದ್ದ ಎರಡನೆಯ ಪೇತಾರ್ ಪೆತ್ರೊವಿಚ್ ನೇಗೋಶ್‌ನ ಸಮಾಧಿಯಿದೆ. 461 ಮೆಟ್ಟಿಲೇರಿ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಅಲೆಯಲೆಯಾಗಿ ಕಲ್ಲಿನ ಬೆಟ್ಟಗಳು. ಕರಾವಳಿಯ ಬುಡ್ವಾ ಮುಂತಾದ ಊರುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಂಥ ದಂಡೆಗಳು, ಅಂಥ ಕಟ್ಟಡಗಳು ಬೇರೆಡೆಯೂ ಸಿಗುತ್ತವೆ.

ಬೇರೆಡೆ ಸಿಗದಿರುವುದು ಉತ್ತರದಲ್ಲಿದೆ. ದುರ್ಮಿಟೊರ್ ಪರ್ವತದಲ್ಲಿ ಹಿಮನದಿಗಳು ಬಿಟ್ಟುಹೋದ 18 ಸರೋವರಗಳಿದ್ದು, ಸ್ಥಳೀಯರು ಇವನ್ನು 'ಬೆಟ್ಟದ ಕಣ್ಣುಗಳು' ಎನ್ನುತ್ತಾರೆ. ಪರ್ವತದ ಪಕ್ಕದಲ್ಲೇ ತಾರಾ ನದಿಯ ಕಂದರ: 82 ಕಿ.ಮೀ. ಉದ್ದ, ಅತಿ ಆಳವಾದ ಕಡೆ 1,300 ಮೀಟರ್. ಜಗತ್ತಿನಲ್ಲೇ ಇದು ಎರಡನೆಯ ಆಳದ ಕಂದರವೆಂದು ಕೈಪಿಡಿಗಳು ಬರೆಯುತ್ತವೆ. ಹಿಮಾಲಯದ ಕಣಿವೆಗಳನ್ನು ಬಲ್ಲವರು ಅದನ್ನು ನಂಬಬೇಕಾಗಿಲ್ಲ. ಯೂರೋಪಿನಲ್ಲಿ ಇದಕ್ಕೆ ಸಾಟಿಯಿಲ್ಲವೆಂದರೆ ಸಾಕು. ಇಲ್ಲಿನ ದುರ್ದೆವಿಚಾ ಸೇತುವೆಯು 1940ರಲ್ಲಿ ಪೂರ್ಣಗೊಂಡಿತು. ನದಿಯಿಂದ 172 ಮೀಟರ್ ಎತ್ತರದಲ್ಲಿದೆ. 1942ರಲ್ಲಿ ಇಟಲಿಯ ಸೇನೆಯನ್ನು ತಡೆಯಲು ಪ್ರತಿರೋಧ ಪಡೆಯವರು ಅದರ ಒಂದು ಕಮಾನನ್ನು ಸ್ಫೋಟಿಸಿದರು. ಅವರಿಗೆ ನೆರವಾದದ್ದು ಸೇತುವೆ ಕಟ್ಟುವುದರಲ್ಲಿ ದುಡಿದಿದ್ದ ಎಂಜಿನಿಯರ್ ಲಾಜಾರ್ ಯೌಕೊವಿಚ್. ಸೆರೆಸಿಕ್ಕ ಆತನಿಗೆ ಮರಣದಂಡನೆಯಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಕಮಾನನ್ನು ಮತ್ತೆ ಕಟ್ಟಲಾಯಿತು.

ಈ ದುರ್ಮಿಟೊರ್‌ನ ಮಡಿಲಿನ ಜಬ್ಲ್ಯಾಕ್ ಪಟ್ಟಣದಲ್ಲಿಯೇ 1991ರ ಸೆಪ್ಟೆಂಬರ್ 20ರಂದು ಸಂಸತ್ತು ಸೇರಿ ಮಾಂಟೆನೆಗ್ರೊ ಒಂದು 'ಪರಿಸರ ರಾಜ್ಯ'ವೆಂದು ಘೋಷಿಸಿತು. ಈಗಿನ ಸಂವಿಧಾನದ ಮೊದಲ ವಿಧಿಯಲ್ಲೇ ಆ ಮಾತಿದೆ. ಯುಗೊಸ್ಲಾವಿಯಾ ಹೊತ್ತಿ ಉರಿಯುತ್ತಿದ್ದ ದಿನಗಳಲ್ಲಿ ಇಂಥ ಘೋಷಣೆ ಹಲವರಿಗೆ ಆಡಂಬರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ 2004ರಲ್ಲಿ ಅದು ಕೆಲಸಕ್ಕೆ ಬಂತು. ಬೋಸ್ನಿಯಾದ ಗಡಿಯೊಳಗೆ ಬುಕ್ ಬಿಯೆಲಾ ಎಂಬಲ್ಲಿ ಅಣೆಕಟ್ಟು ಕಟ್ಟಿದರೆ ತಾರಾ ಕಂದರದ ಒಂದು ಭಾಗ ಮುಳುಗುತ್ತಿತ್ತು. 'ಕೊಳ ಬೇಡ, ತಾರಾ ಬೇಕು' ಎಂಬ ಘೋಷಣೆಯೊಂದಿಗೆ ಜನ ಬೀದಿಗಿಳಿದರು. ಅವರ ಭಾಷೆಯಲ್ಲಿ ಅದು ಪ್ರಾಸಬದ್ಧವಾಗಿದ್ದು, ಬಾಯಿಂದ ಬಾಯಿಗೆ ಹರಡಿತು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ತಾರಾ ನದಿಯ ರಕ್ಷಣೆಯ ಘೋಷಣೆಯನ್ನು ಅಂಗೀಕರಿಸಿತು.

ಹತ್ತು ವರ್ಷಗಳ ಅನಂತರ ಬಂದದ್ದು ಹೆದ್ದಾರಿ. ಬಾರ್ ಬಂದರಿನಿಂದ ಸರ್ಬಿಯಾದ ಗಡಿಗೆ ಸಾಗಬೇಕಾದ ಈ ರಸ್ತೆಯ ಮೊದಲ 41 ಕಿ.ಮೀ.ಗಾಗಿ 2014ರಲ್ಲಿ ಚೀನಾದ ಎಕ್ಸಿಮ್ ಬ್ಯಾಂಕಿನಿಂದ ಸುಮಾರು 94 ಕೋಟಿ ಡಾಲರ್ ಸಾಲ ಪಡೆಯಲಾಯಿತು. ಆರು ಲಕ್ಷ ಜನರ ದೇಶಕ್ಕೆ ಇದು ಬೆನ್ನು ಬಾಗಿಸುವ ಹೊರೆ. ಕಾಮಗಾರಿಯ ವೇಳೆ ತಾರಾ ನದಿಯ ಮೇಲ್ಭಾಗದ ಪಾತ್ರವನ್ನು ಅಗೆದು ಕೆಡಿಸಲಾಯಿತೆಂದು ಪರಿಸರ ಸಂಘಟನೆಗಳು ದೂರಿದವು. 2022ರ ಜುಲೈಯಲ್ಲಿ ರಸ್ತೆ ತೆರೆಯಿತು. ಹಾಗೆಂದು ಹೆದ್ದಾರಿ ಬೇಕೆಂದವರನ್ನೆಲ್ಲ ಪರಿಸರದ ಶತ್ರುಗಳೆನ್ನುವುದು ನ್ಯಾಯವಲ್ಲ. ಅದಕ್ಕೆ ಮೊದಲು ಉತ್ತರದವರು ರಾಜಧಾನಿ ಪೊಡ್ಗೊರಿತ್ಸಾಕ್ಕೆ ಬರಲು ಮೊರಾಚಾ ಕಂದರದ ಅಂಚಿನ ಇಕ್ಕಟ್ಟಿನ ದಾರಿಯನ್ನೇ ನಂಬಬೇಕಾಗಿತ್ತು. 2013ರ ಜೂನ್‌ನಲ್ಲಿ ರುಮೇನಿಯಾದ ಪ್ರವಾಸಿಗರಿದ್ದ ಬಸ್ಸೊಂದು ಅಲ್ಲಿ ಕಂದರಕ್ಕುರುಳಿ 18 ಮಂದಿ ಸತ್ತರು.

ಇಷ್ಟೆಲ್ಲದರ ನಡುವೆ ನೋಡಲೇಬೇಕಾದ ಇನ್ನೊಂದು ತಾಣ ಬಿಯೊಗ್ರಾಡ್ಸ್ಕಾ ಗೋರಾ. ಕೊಡಲಿ ಕಾಣದ ಕಾಡು ಯೂರೋಪಿನಲ್ಲಿ ತೀರ ಅಪರೂಪ, ಇದು ಅಂಥದೊಂದು. 1878ರಲ್ಲಿ ಸುತ್ತಲಿನ ಜನ ಈ ಕಾಡನ್ನು ದೊರೆ ನಿಕೊಲಾನಿಗೆ ಕಾಣಿಕೆ ಕೊಟ್ಟರು, ಅಂದಿನಿಂದ ಅದು ಉಳಿದುಕೊಂಡಿದೆ. ಅದಕ್ಕೂ ದುರ್ಮಿಟೊರ್‌ಗೂ ನಡುವಿನ ಸಿನ್ಯಾಯೆವಿನಾ ಎಂಬ ವಿಶಾಲ ಹುಲ್ಲುಗಾವಲಿಗೆ ಬೇಸಿಗೆಯಲ್ಲಿ ದನಗಾಹಿಗಳು ಈಗಲೂ ಕುಟುಂಬ ಸಮೇತ ಹೋಗುತ್ತಾರೆ. 2019ರಲ್ಲಿ ಸರ್ಕಾರ ಇದನ್ನು ಸೇನಾ ತರಬೇತಿಗೆಂದು ಗೊತ್ತುಪಡಿಸಿದಾಗ, 2020ರ ಶರತ್ಕಾಲದಲ್ಲಿ ಅವರು ಕೊರೆಯುವ ಚಳಿಯಲ್ಲಿ ಬಿಡಾರ ಹೂಡಿ ಕವಾಯತನ್ನು ತಡೆದರು. ಆ ಬೆಟ್ಟಗಳಲ್ಲಿ ಸಿಗುವ 'ಕಾಚಮಾಕ್' ಎಂಬ ಊಟ ನಮ್ಮವರಿಗೆ ಹಿಡಿಸೀತು. ಮೆಕ್ಕೆಜೋಳದ ಹಿಟ್ಟನ್ನು ತೊಳಸಿ, ಕೆನೆ ಮತ್ತು ಗಿಣ್ಣು ಬೆರೆಸಿ ಮಾಡುವ ಅದು ಮುದ್ದೆಯ ದೂರದ ನೆಂಟನಂತಿದೆ.

ಬೆಟ್ಟದ ನೀರಿನ ಇನ್ನೊಂದು ಪಾಲು ದಕ್ಷಿಣದ ಸ್ಕಾದರ್ ಸರೋವರಕ್ಕೆ ಬರುತ್ತದೆ. ಬಾಲ್ಕನ್ ಪರ್ಯಾಯ ದ್ವೀಪದಲ್ಲೇ ದೊಡ್ಡದಾದ ಇದನ್ನು ಅಲ್ಬೇನಿಯಾ ಕೂಡ ಹಂಚಿಕೊಂಡಿದೆ. ಬೇಸಿಗೆಯಲ್ಲಿ ಸುಮಾರು 370 ಚದರ ಕಿ.ಮೀ. ಇರುವ ಸರೋವರ ಮಳೆಗಾಲದಲ್ಲಿ 500 ಚದರ ಕಿ.ಮೀ. ಮೀರಿ ಹಿಗ್ಗುತ್ತದೆ. ಅಪಾಯದಂಚಿಗೆ ಬಂದಿದ್ದ ಡಾಲ್ಮೇಷಿಯನ್ ಹೆಜ್ಜಾರ್ಲೆಗಳು ಇಲ್ಲಿ ಮರಿ ಮಾಡುತ್ತವೆ. ಅಲ್ಲಿಂದ ಕಡಲಿಗೆ ಹರಿಯುವ ಬೋಯಾನಾ ನದಿಯ ಸಮೀಪ, ಉಲ್ಟ್ಸಿನ್ ಪಟ್ಟಣದ ಹತ್ತಿರ, ಸುಮಾರು 1,500 ಹೆಕ್ಟೇರಿನ ಉಪ್ಪಿನಾಗರವಿದೆ. ಇದು ರಾಜಹಂಸಗಳೂ ಸೇರಿದಂತೆ ಸುಮಾರು 250 ಜಾತಿಯ ಹಕ್ಕಿಗಳ ತಂಗುದಾಣ. 2013ರಲ್ಲಿ ಉಪ್ಪಿನ ಉತ್ಪಾದನೆ ನಿಂತಿತು. ಪಂಪುಗಳು ಕಡಲ ನೀರನ್ನು ಒಳಗೆ ತರದಿದ್ದರೆ ಆಗರ ಮಳೆನೀರಿನಿಂದ ಸಿಹಿಯಾಗಿ ಹಕ್ಕಿಗಳ ಆಹಾರವೇ ಇಲ್ಲವಾಗುತ್ತದೆ. ಮನುಷ್ಯ ಮಾಡಿದ ಈ 'ಪ್ರಕೃತಿ'ಯನ್ನು ಉಳಿಸಲು ಮನುಷ್ಯನೇ ದುಡಿಯುತ್ತಿರಬೇಕು! ದೀರ್ಘ ಹೋರಾಟದ ಬಳಿಕ 2019ರಲ್ಲಿ ಅದನ್ನು ಸಂರಕ್ಷಿತ ನಿಸರ್ಗ ಉದ್ಯಾನವೆಂದು ಘೋಷಿಸಲಾಯಿತು.

ಹೋಗುವವರಿಗೆ ಕೆಲವು ಮಾತು. ಭಾರತದಿಂದ ನೇರ ವಿಮಾನವಿಲ್ಲ. ಇಸ್ತಾಂಬುಲ್ ಅಥವಾ ಯೂರೋಪಿನ ಬೇರೆ ನಗರಗಳ ಮೂಲಕ ಪೊಡ್ಗೊರಿತ್ಸಾ ಇಲ್ಲವೆ ತಿವಾಟ್ ನಿಲ್ದಾಣಕ್ಕೆ ಹೋಗಬೇಕು. ಭಾರತೀಯರಿಗೆ ವೀಸಾ ಬೇಕು. ಷೆಂಗೆನ್ ಮೊದಲಾದ ವೀಸಾ ಇದ್ದವರಿಗೆ ಅಲ್ಪಾವಧಿಯ ರಿಯಾಯಿತಿ ನೀಡುವ ಪದ್ಧತಿಯಿದ್ದರೂ ಹೊರಡುವ ಮುನ್ನ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಯೂರೋಪ್ ಒಕ್ಕೂಟದ ಸದಸ್ಯನಲ್ಲದಿದ್ದರೂ ದೇಶದ ನಾಣ್ಯ ಯೂರೋ. ಕಡಲಿಗೂ ಬೆಟ್ಟಕ್ಕೂ ಒಟ್ಟಿಗೆ ಹೊಂದುವ ಕಾಲ ಮೇ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರ್. ಜುಲೈ, ಆಗಸ್ಟ್‌ಗಳಲ್ಲಿ ಕರಾವಳಿಯ ರಸ್ತೆಗಳಲ್ಲಿ ವಾಹನಗಳು ತೆವಳುತ್ತವೆ. ಚಳಿಗಾಲದಲ್ಲಿ ದುರ್ಮಿಟೊರ್‌ನ ಮೇಲಿನ ದಾರಿಗಳನ್ನು ಹಿಮ ಮುಚ್ಚುತ್ತದೆ. ಸೋಪೊಟ್‌ನ ಜಲಪಾತವನ್ನೇ ನೋಡಬೇಕೆನ್ನುವವರು ಮಾತ್ರ ನವೆಂಬರ್ ಆರಿಸಿಕೊಂಡು, ಕೊಡೆ ಹಿಡಿದೇ ಹೋಗಬೇಕು.